ರಾಲ್ಸ್ ನಿಜಕ್ಕೂ ಕಾಂಟ್‌ವಾದಿಯೇ? ನ್ಯಾಯಸಿದ್ಧಾಂತದ ಹಿಂದಿರುವವರು

ಪ್ರಶ್ನೆ: ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ ಅವರ ‘ಎ ಥಿಯರಿ ಆಫ್ ಜಸ್ಟಿಸ್’ ಓದುತ್ತಿದ್ದೇನೆ. ಪಠ್ಯಪುಸ್ತಕಗಳು ಅವರನ್ನು ಜರ್ಮನ್ ತತ್ವಜ್ಞಾನಿ ಕಾಂಟ್‌ನ ಅನುಯಾಯಿ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ಆದರೆ ಪುಸ್ತಕದೊಳಗೆ ಹ್ಯೂಮ್, ಸಿಜ್ವಿಕ್, ರೂಸೋ, ಅರಿಸ್ಟಾಟಲ್, ಅರ್ಥಶಾಸ್ತ್ರಜ್ಞರು, ಗೇಮ್ ಥಿಯರಿ (ಒಬ್ಬರ ಲಾಭ ಇನ್ನೊಬ್ಬರ ಆಯ್ಕೆಯನ್ನೂ ಅವಲಂಬಿಸಿರುವ ಸಂದರ್ಭಗಳ ಗಣಿತ) ಎಲ್ಲವೂ ಎದುರಾಗುತ್ತವೆ. ತಂತಮ್ಮ ಲಾಭ ನೋಡಿಕೊಳ್ಳುವ ಜನ ಕೂತು ಒಪ್ಪಂದ ಮಾಡಿಕೊಳ್ಳುವ ಚಿತ್ರ, ಲಾಭಕ್ಕಿಂತ ಕರ್ತವ್ಯವನ್ನು ಮುಂದಿಡುವ ಕಾಂಟ್‌ನ ನೀತಿಶಾಸ್ತ್ರಕ್ಕೆ ಹೇಗೆ ಹೊಂದುತ್ತದೆ? ಈ ಸಿದ್ಧಾಂತದ ಬೇರು ಯಾರಲ್ಲಿದೆ?

ಉತ್ತರ: ನೀವು ಹಿಡಿದಿರುವ ಎಳೆ ಸರಿಯಾದದ್ದೇ. ಕಾಂಟ್‌ನ ಹೆಸರು ಸುಳ್ಳಲ್ಲ. 1971ರ ಮೊದಲ ಮುದ್ರಣದ ಮುನ್ನುಡಿಯಲ್ಲೇ ರಾಲ್ಸ್ ಅದನ್ನು ಹೇಳಿದ್ದಾರೆ: ಲಾಕ್, ರೂಸೋ, ಕಾಂಟ್‌ ಇವರಲ್ಲಿ ಕಾಣುವ ಸಾಮಾಜಿಕ ಒಪ್ಪಂದದ ಸಿದ್ಧಾಂತವನ್ನು (ಸಮಾಜದ ನಿಯಮಗಳಿಗೆ ಆಧಾರ ಜನರ ಪರಸ್ಪರ ಒಪ್ಪಿಗೆ ಎನ್ನುವುದನ್ನು) ಇನ್ನಷ್ಟು ಅಮೂರ್ತ ಮಟ್ಟಕ್ಕೆ ಒಯ್ಯುವುದು ತಮ್ಮ ಉದ್ದೇಶ, ಹಾಗೆ ಮಾಡಿದಾಗ ಸಿಕ್ಕಿದ್ದು ಬಹುಮಟ್ಟಿಗೆ ಕಾಂಟ್‌ನ ಜಾಯಮಾನದ ಸಿದ್ಧಾಂತ ಎಂದು. ತಮ್ಮದು ಎನ್ನುವ ಸ್ವಂತಿಕೆ ಇದರಲ್ಲಿ ಏನೂ ಇಲ್ಲ, ಮುಖ್ಯ ವಿಚಾರಗಳೆಲ್ಲ ಹಳೆಯವು, ಎಲ್ಲರಿಗೂ ಗೊತ್ತಿರುವವು ಎಂದೂ ಅಲ್ಲೇ ಸೇರಿಸುತ್ತಾರೆ. ಈ ವಿನಯವನ್ನು ಪೂರ್ತಿ ನಂಬಬೇಕಾಗಿಲ್ಲ. ಯಾರಿಂದ ಏನನ್ನು ಪಡೆದರು ಎಂದು ಪಟ್ಟಿ ಮಾಡುತ್ತ ಹೋದರೆ ಪಟ್ಟಿ ಮುಗಿಯುವುದೇ ಇಲ್ಲ. ಪಡೆದದ್ದರಲ್ಲಿ ಏನನ್ನು ಕಿತ್ತುಹಾಕಿದರು ಎಂದು ನೋಡಿದರೆ ರಾಲ್ಸ್ ಕೈಗೆ ಸಿಗುತ್ತಾರೆ. ನನ್ನ ಓದಿನಲ್ಲಿ, ಸಿದ್ಧಾಂತದ ಪ್ರಶ್ನೆ ಹುಟ್ಟಿದ್ದು ಅವರ ಎದುರಾಳಿಗಳಿಂದ, ಮುಖ್ಯವಾಗಿ 18ನೇ ಶತಮಾನದ ಸ್ಕಾಟಿಷ್ ತತ್ವಜ್ಞಾನಿ ಹ್ಯೂಮ್ ಮತ್ತು 19ನೇ ಶತಮಾನದ ಇಂಗ್ಲಿಷ್ ತತ್ವಜ್ಞಾನಿ ಸಿಜ್ವಿಕ್‌ರಿಂದ. ಕಾಂಟ್ ಬಂದದ್ದು ತಡವಾಗಿ. ಆದರೆ ಬಂದವನು ಮನೆಯ ಯಜಮಾನಿಕೆಯನ್ನೇ ವಹಿಸಿಕೊಂಡ.

ಮೊದಲು ಸಿದ್ಧಾಂತವನ್ನು ಎರಡು ಮಾತಿನಲ್ಲಿ ನೆನಪಿಸಿಕೊಳ್ಳೋಣ. ಸಮಾಜದ ಮೂಲ ರಚನೆಗೆ ತತ್ವಗಳನ್ನು ಆರಿಸಬೇಕಾದ ಜನ ‘ಮೂಲ ಸ್ಥಿತಿ’ಯಲ್ಲಿ ಕೂತಿದ್ದಾರೆ. ‘ಅಜ್ಞಾನದ ಪರದೆ’ಯ ಹಿಂದೆ ಇರುವುದರಿಂದ ತಮ್ಮ ವರ್ಗ, ಲಿಂಗ, ಬುದ್ಧಿಶಕ್ತಿ, ಧರ್ಮ, ಬದುಕಿನ ಗುರಿ ಯಾವುದೂ ಅವರಿಗೆ ಗೊತ್ತಿಲ್ಲ. ಅಂಥವರು ಎರಡು ತತ್ವಗಳನ್ನು ಒಪ್ಪುತ್ತಾರೆ ಎಂಬುದು ರಾಲ್ಸ್ ವಾದ. ಒಂದು, ಎಲ್ಲರಿಗೂ ಸಮಾನವಾದ ಮೂಲಭೂತ ಸ್ವಾತಂತ್ರ್ಯಗಳು. ಇನ್ನೊಂದು, ಅಸಮಾನತೆ ಇರುವುದಾದರೆ ಅದು ಎಲ್ಲರಿಗೂ ನ್ಯಾಯವಾದ ಅವಕಾಶವಿರುವ ಸ್ಥಾನಗಳಿಗೆ ಅಂಟಿಕೊಂಡಿರಬೇಕು, ಮತ್ತು ಅತ್ಯಂತ ಕೆಳಗಿರುವವರಿಗೆ ಹೆಚ್ಚಿನ ಅನುಕೂಲ ಮಾಡಿಕೊಡಬೇಕು. ಈ ಕೊನೆಯ ಭಾಗವೇ ‘ಭೇದ ತತ್ವ’. ಮೊದಲನೆಯ ತತ್ವಕ್ಕೆ ಎರಡನೆಯದರ ಮೇಲೆ ಆದ್ಯತೆ.

ಇದೆಲ್ಲ ಯಾರ ವಿರುದ್ಧ ಹೂಡಿದ ಕಟ್ಟಡ? ಉಪಯುಕ್ತತಾವಾದದ, ಅಂದರೆ ಎಲ್ಲರ ಒಟ್ಟು ಸುಖವನ್ನು ಹೆಚ್ಚಿಸುವುದೇ ಸರಿ ಎನ್ನುವ ಸಿದ್ಧಾಂತದ, ವಿರುದ್ಧ. ರಾಲ್ಸ್ ತರುಣರಾಗಿದ್ದಾಗ ಇಂಗ್ಲಿಷ್ ನೀತಿಚಿಂತನೆಯಲ್ಲಿ ವ್ಯವಸ್ಥಿತವಾಗಿ ಬೆಳೆದಿದ್ದ ಸಿದ್ಧಾಂತ ಅದೊಂದೇ. ಅದನ್ನು ಒಪ್ಪದವರು ‘ಇದು ತಪ್ಪೆಂದು ಅಂತಃಪ್ರಜ್ಞೆಗೆ ಕಾಣುತ್ತದೆ’ ಎಂದು ಬಿಡಿ ಬಿಡಿ ಆಕ್ಷೇಪಗಳನ್ನು ಎತ್ತುತ್ತಿದ್ದರೇ ಹೊರತು ಅದರ ಜಾಗದಲ್ಲಿ ನಿಲ್ಲಿಸಬಲ್ಲ ಇನ್ನೊಂದು ಸಿದ್ಧಾಂತವನ್ನು ಕೊಡುತ್ತಿರಲಿಲ್ಲ. ಉಪಯುಕ್ತತಾವಾದದ ಅತ್ಯಂತ ಎಚ್ಚರದ ರೂಪ ಹೆನ್ರಿ ಸಿಜ್ವಿಕ್‌ನ 1874ರ ‘ದಿ ಮೆಥಡ್ಸ್ ಆಫ್ ಎಥಿಕ್ಸ್’ನಲ್ಲಿದೆ. ಸ್ವಹಿತವಾದ, ಅಂತಃಪ್ರಜ್ಞಾವಾದ, ಉಪಯುಕ್ತತಾವಾದ ಮೂರನ್ನೂ ಎದುರುಬದುರು ಇಟ್ಟು, ನಮ್ಮ ಸಾಮಾನ್ಯ ನೈತಿಕ ತೀರ್ಮಾನಗಳಿಗೆ ತಾಳೆ ನೋಡುತ್ತ ಹೋಗುವ ಪುಸ್ತಕ ಅದು. ರಾಲ್ಸ್ ಅದರಿಂದ ಕಲಿತದ್ದು ಕೆಲಸದ ವಿಧಾನವನ್ನು: ಒಂದು ಸಿದ್ಧಾಂತವನ್ನು ಅದೊಂದನ್ನೇ ಹಿಡಿದು ಸಾಧಿಸಲಾಗದು, ಪ್ರತಿಸ್ಪರ್ಧಿಗಳ ಜೊತೆಗಿಟ್ಟು ತೂಗಬೇಕು ಎಂಬುದನ್ನು. ಮೂಲ ಸ್ಥಿತಿಯಲ್ಲಿರುವವರ ಮುಂದೆ ರಾಲ್ಸ್ ಇಡುವುದೂ ಪರ್ಯಾಯಗಳ ಒಂದು ಪಟ್ಟಿಯನ್ನೇ. 1981ರಲ್ಲಿ ಸಿಜ್ವಿಕ್‌ನ ಪುಸ್ತಕ ಮರುಮುದ್ರಣಗೊಂಡಾಗ ಅದಕ್ಕೆ ಮುನ್ನುಡಿ ಬರೆದವರು ರಾಲ್ಸ್. ಎದುರಾಳಿಗೆ ಇಷ್ಟು ಗೌರವ ಕೊಟ್ಟ ತತ್ವಜ್ಞಾನಿಗಳು ವಿರಳ.

ಸಿಜ್ವಿಕ್‌ನಲ್ಲಿ ಅವರು ಒಪ್ಪದೇ ಹೋದದ್ದು ಯಾವುದು? ನಾಳೆಯ ಆರೋಗ್ಯಕ್ಕಾಗಿ ಇಂದು ಕಹಿ ಔಷಧಿ ಕುಡಿಯುವುದು ವಿವೇಕ. ಕಷ್ಟವೂ ನನ್ನದೇ, ಸುಖವೂ ನನ್ನದೇ. ಉಪಯುಕ್ತತಾವಾದ ಇದೇ ಲೆಕ್ಕವನ್ನು ಇಡೀ ಸಮಾಜಕ್ಕೆ ಹಿಗ್ಗಿಸುತ್ತದೆ: ಒಟ್ಟು ಸುಖ ಹೆಚ್ಚುವುದಾದರೆ ಕೆಲವರ ನಷ್ಟ ಸಹ್ಯ. ಆದರೆ ಸಮಾಜ ಒಬ್ಬ ಮನುಷ್ಯನಲ್ಲ. ಔಷಧಿಯ ಕಹಿ ಒಬ್ಬರ ಬಾಯಿಗೆ, ಗುಣ ಇನ್ನೊಬ್ಬರ ಮೈಗೆ. ವ್ಯಕ್ತಿ ವ್ಯಕ್ತಿಗಳ ನಡುವಿನ ಪ್ರತ್ಯೇಕತೆಯನ್ನು ಉಪಯುಕ್ತತಾವಾದ ಗಂಭೀರವಾಗಿ ಪರಿಗಣಿಸುವುದಿಲ್ಲ ಎಂಬ ಪ್ರಸಿದ್ಧ ಆಕ್ಷೇಪ ಪುಸ್ತಕದ 5ನೇ ವಿಭಾಗದಲ್ಲಿ ಬರುತ್ತದೆ. ಅದರ ಬೇರು ಕಾಂಟ್‌ನಲ್ಲಿದೆ ಎನ್ನುವವರಿದ್ದಾರೆ, ಇರಬಹುದು. ಆದರೆ ರಾಲ್ಸ್ ಅದನ್ನು ಕಂಡುಕೊಂಡದ್ದು ಸಿಜ್ವಿಕ್‌ನ ಜೊತೆ ಗುದ್ದಾಡುತ್ತಲೇ.

ಇನ್ನು ಹ್ಯೂಮ್. ನ್ಯಾಯದ ಪ್ರಶ್ನೆ ಯಾವಾಗ ಏಳುತ್ತದೆ ಎಂಬ ವಿಚಾರದಲ್ಲಿ ರಾಲ್ಸ್ ಅವನನ್ನೇ ನೆಚ್ಚುತ್ತಾರೆ. ಬೇಕಾದ್ದೆಲ್ಲ ಬೇಕಾದಷ್ಟು ಸಿಗುವಂತಿದ್ದರೆ ನನ್ನದು ನಿನ್ನದು ಎಂಬ ಗೆರೆಯೇ ಬೇಕಿರಲಿಲ್ಲ. ಹಡಗು ಮುಳುಗಿ ಜೀವ ಉಳಿದರೆ ಸಾಕೆನ್ನುವ ಸ್ಥಿತಿಯಲ್ಲಿ ಆ ಗೆರೆ ನಿಲ್ಲುವುದಿಲ್ಲ. ಮನುಷ್ಯರೆಲ್ಲ ಪರಮ ತ್ಯಾಗಿಗಳಾಗಿದ್ದರೂ ಅದರ ಅಗತ್ಯವಿಲ್ಲ. ಮಿತವಾದ ಕೊರತೆ, ಮಿತವಾದ ಔದಾರ್ಯ, ಇವೆರಡೂ ಕೂಡಿದಲ್ಲಿ ನ್ಯಾಯಕ್ಕೆ ಕೆಲಸ. ಹ್ಯೂಮ್ ಇದನ್ನು 1739–40ರ ‘ಟ್ರೀಟೈಸ್’ನಲ್ಲೂ 1751ರ ‘ಎನ್‌ಕ್ವೈರಿ’ಯಲ್ಲೂ ಬರೆದ. ರಾಲ್ಸ್ ತಮ್ಮ 22ನೇ ವಿಭಾಗದಲ್ಲಿ ಇದನ್ನು ಸಂಗ್ರಹಿಸಿ, ತಾವು ಸೇರಿಸಿದ್ದು ಮುಖ್ಯವಾದದ್ದೇನೂ ಇಲ್ಲ ಎಂದು ಒಪ್ಪಿಕೊಳ್ಳುತ್ತಾರೆ. ಅದೇ ‘ಟ್ರೀಟೈಸ್’ನಲ್ಲಿ ದೋಣಿಗೆ ಹುಟ್ಟು ಹಾಕುವ ಇಬ್ಬರ ಉದಾಹರಣೆಯಿದೆ. ಒಬ್ಬರಿಗೊಬ್ಬರು ಮಾತು ಕೊಟ್ಟಿಲ್ಲ, ಆದರೂ ಇಬ್ಬರೂ ಒಂದೇ ಲಯದಲ್ಲಿ ಹುಟ್ಟು ಎಳೆಯುತ್ತಾರೆ. ಪರಸ್ಪರ ಅನುಕೂಲದಿಂದ ಹುಟ್ಟಿ ರೂಢಿಯಾಗಿ ನಿಲ್ಲುವ ಸಹಕಾರ; ನ್ಯಾಯ ಹುಟ್ಟುವುದೂ ಹೀಗೆಯೇ ಎಂಬುದು ಹ್ಯೂಮ್‌ನ ನಿಲುವು. ಸಮಾಜವೆಂದರೆ ಪರಸ್ಪರ ಲಾಭಕ್ಕಾಗಿ ಕಟ್ಟಿಕೊಂಡ ಸಹಕಾರದ ಏರ್ಪಾಡು ಎಂದು ರಾಲ್ಸ್ ಬರೆಯುವಾಗ ಕೇಳುವುದು ಈ ದನಿಯೇ.

ಆದರೆ ಹ್ಯೂಮ್‌ನ ದಾರಿಯಲ್ಲಿ ಒಂದು ಗುಂಡಿಯಿದೆ. ದೋಣಿಯಲ್ಲಿರುವ ಇಬ್ಬರಲ್ಲಿ ಒಬ್ಬನಿಗೆ ಈಜು ಬರುತ್ತದೆ, ಇನ್ನೊಬ್ಬನಿಗೆ ಬರುವುದಿಲ್ಲ ಎನ್ನಿ. ಆಗ ಅವರ ನಡುವೆ ಏರ್ಪಡುವ ‘ಪರಸ್ಪರ ಅನುಕೂಲ’ ಯಾರ ಕಡೆಗೆ ವಾಲುತ್ತದೆ? ರಾಲ್ಸ್‌ಗೆ ಈ ತೊಡಕು ಸ್ಪಷ್ಟವಾಗಿ ಎದುರಾದದ್ದು ಗೇಮ್ ಥಿಯರಿಯಲ್ಲಿ. ಕೇಂಬ್ರಿಜ್‌ನ ಆರ್. ಬಿ. ಬ್ರೇತ್‌ವೇಟ್ 1955ರಲ್ಲಿ, ನೀತಿಶಾಸ್ತ್ರಜ್ಞನಿಗೆ ಗೇಮ್ ಥಿಯರಿ ಹೇಗೆ ಉಪಕರಣವಾಗಬಲ್ಲದು ಎಂದು ತೋರಿಸುವ ಒಂದು ಕಿರುಪುಸ್ತಕ ಪ್ರಕಟಿಸಿದರು. ಅದರಲ್ಲಿ ಅಕ್ಕಪಕ್ಕದಲ್ಲಿ ವಾಸಿಸುವ ಇಬ್ಬರು ಸಂಗೀತಗಾರರಿದ್ದಾರೆ. ಲ್ಯೂಕ್ ಪಿಯಾನೊ ನುಡಿಸುತ್ತಾನೆ, ಮ್ಯಾಥ್ಯೂ ಟ್ರಂಪೆಟ್ ಊದುತ್ತಾನೆ. ಗೋಡೆ ತೆಳುವಾದದ್ದು, ಅಭ್ಯಾಸಕ್ಕೆ ಇಬ್ಬರಿಗೂ ಸಿಗುವುದು ಒಂದೇ ಹೊತ್ತು. ಸಂಜೆಗಳನ್ನು ಹೇಗೆ ಹಂಚಿಕೊಳ್ಳಬೇಕು? ಲ್ಯೂಕ್‌ಗೆ ಗದ್ದಲಕ್ಕಿಂತ ಮೌನ ವಾಸಿ. ಮ್ಯಾಥ್ಯೂಗೆ ಹಾಗಲ್ಲ, ಯಾರೂ ನುಡಿಸದೆ ಇರುವುದಕ್ಕಿಂತ ಇಬ್ಬರೂ ಒಟ್ಟಿಗೆ ನುಡಿಸಿ ಗದ್ದಲವಾದರೂ ಅವನಿಗೆ ಅಡ್ಡಿಯಿಲ್ಲ. ಅಂದರೆ ಮಾತುಕತೆ ಮುರಿದುಬಿದ್ದರೆ ಹೆಚ್ಚು ಕಳೆದುಕೊಳ್ಳುವವನು ಲ್ಯೂಕ್. ಈ ಬೆದರಿಕೆಯ ಬಲ ಲೆಕ್ಕದೊಳಗೆ ಸೇರಿಕೊಂಡು, ಕೊನೆಯಲ್ಲಿ ಮ್ಯಾಥ್ಯೂಗೆ ಹೆಚ್ಚು ಸಂಜೆಗಳು ಸಿಗುತ್ತವೆ. ಲೆಕ್ಕದಲ್ಲಿ ದೋಷವಿಲ್ಲ.

ರಾಲ್ಸ್‌ನ ಪ್ರತಿಕ್ರಿಯೆ ಚುಟುಕಾದದ್ದು: ಬೆದರಿಕೆಯ ಬಲಕ್ಕೆ ತಕ್ಕಂತೆ ಹಂಚುವುದು ನ್ಯಾಯದ ಕಲ್ಪನೆಯೇ ಅಲ್ಲ. ಇದು ಪುಸ್ತಕದ 23ನೇ ವಿಭಾಗದಲ್ಲಿ ಬರುತ್ತದೆ, ಸಂಗೀತಗಾರರ ಉದಾಹರಣೆ ಅಲ್ಲಿನ ಅಡಿಟಿಪ್ಪಣಿಯಲ್ಲಿದೆ; 24ನೇ ವಿಭಾಗದಲ್ಲಿ ರಾಲ್ಸ್ ಅದೇ ಮಾತನ್ನು ಮತ್ತೆ ನೆನಪಿಸುತ್ತಾರೆ. ಆ ವಿಭಾಗ ಅಜ್ಞಾನದ ಪರದೆಯನ್ನು ಕುರಿತದ್ದು ಎಂಬುದನ್ನು ಗಮನಿಸಿ. ಪರದೆ ಏಕೆ ಬೇಕಾಯಿತು ಎಂದು ನನ್ನನ್ನು ಯಾರಾದರೂ ಕೇಳಿದರೆ ಕಾಂಟ್‌ಗಿಂತ ಮೊದಲು ನಾನು ತೋರಿಸುವುದು ಈ ಟ್ರಂಪೆಟ್‌ನವನನ್ನು. ತನ್ನ ಕೈಯಲ್ಲಿರುವುದು ಟ್ರಂಪೆಟ್ಟೋ ಪಿಯಾನೊವೋ ಎಂದು ಗೊತ್ತಿಲ್ಲದವನು ಬೆದರಿಸುವುದು ಹೇಗೆ?

ಇಲ್ಲೊಂದು ಸಂಗತಿ ಬಹಳ ಜನರ ಗಮನಕ್ಕೆ ಬಂದಿಲ್ಲ. ರಾಲ್ಸ್ ತಮ್ಮ ಸಿದ್ಧಾಂತವನ್ನು ‘ಜಸ್ಟಿಸ್ ಆ್ಯಸ್ ಫೇರ್‌ನೆಸ್’ ಎಂದು ಕರೆಯುತ್ತಾರೆ, ಅದೇ ಹೆಸರಿನ ಲೇಖನವೊಂದು 1958ರದ್ದು. ಅಲ್ಲಿ ಅಜ್ಞಾನದ ಪರದೆ ಇಲ್ಲ. ಈಗಾಗಲೇ ಒಂದು ವ್ಯವಸ್ಥೆಯೊಳಗೆ ಬದುಕುತ್ತಿರುವ, ತಮ್ಮ ತಮ್ಮ ಸ್ಥಾನ ಗೊತ್ತಿರುವ ಜನ ಪರಸ್ಪರ ದೂರುಗಳನ್ನು ತೀರ್ಮಾನಿಸಲು ತತ್ವಗಳನ್ನು ಸೂಚಿಸುತ್ತಾರೆ. ಅವರಿಗಿರುವ ಕಟ್ಟು ಒಂದೇ: ಇಂದು ಸೂಚಿಸಿದ ತತ್ವ ನಾಳೆ ತಮಗೇ ತಿರುಗಿಬಿದ್ದರೂ ಅದಕ್ಕೆ ಬದ್ಧರಾಗಿರಬೇಕು. ಅಸಮಾನತೆಯ ಬಗ್ಗೆ ಆ ಲೇಖನದ ಷರತ್ತು ಅದು ‘ಎಲ್ಲರಿಗೂ’ ಅನುಕೂಲವಾಗಬೇಕು ಎಂದಷ್ಟೇ. ಅತ್ಯಂತ ಕೆಳಗಿರುವವರ ಮೇಲಿನ ಒತ್ತು ಇನ್ನೂ ಬಂದಿರಲಿಲ್ಲ. ಪರದೆ ಬಂದದ್ದು 1960ರ ದಶಕದ ಬರಹಗಳಲ್ಲಿ, ಕಾಂಟ್ ಮುನ್ನೆಲೆಗೆ ಬಂದದ್ದೂ ಅದರ ಜೊತೆಜೊತೆಗೆ. ಹ್ಯೂಮ್‌ನ ನೆಲದ ಮೇಲೆ ಶುರುವಾದ ಕಟ್ಟಡಕ್ಕೆ ಆಮೇಲೆ ಕಾಂಟ್‌ನ ಆಧಾರಕಂಬ ನಿಂತಿತು ಎಂದು ನಾನು ಹೇಳುವುದಕ್ಕೆ ಕಾರಣ ಇದೇ.

ಪರದೆ ಹಾಕಿದ ಮಾತ್ರಕ್ಕೆ ರಾಲ್ಸ್‌ನ ತತ್ವಗಳು ತಾವಾಗಿ ಉದುರುತ್ತವೆಯೇ? ಇಲ್ಲ. ಹಂಗೇರಿ ಮೂಲದ ಅರ್ಥಶಾಸ್ತ್ರಜ್ಞ ಜಾನ್ ಹರ್ಸಾನಿ 1953 ಮತ್ತು 1955ರ ಲೇಖನಗಳಲ್ಲೇ ಇಂಥದೊಂದು ಸಾಧನವನ್ನು ಬಳಸಿದ್ದರು: ಸಮಾಜದಲ್ಲಿ ನಿನ್ನ ಸ್ಥಾನ ಯಾವುದಾಗುತ್ತದೋ ಗೊತ್ತಿಲ್ಲ, ಯಾವುದೇ ಸ್ಥಾನ ಸಿಗುವ ಸಂಭವ ಸಮಾನ ಎಂದುಕೊಂಡು ಆರಿಸು. ಅವರಿಗೆ ಸಿಕ್ಕ ಉತ್ತರ ಉಪಯುಕ್ತತಾವಾದ! ಲೆಕ್ಕ ಹಾಕಿ ನೋಡೋಣ. ಮೂರು ಸ್ಥಾನಗಳಿರುವ ಎರಡು ಸಮಾಜಗಳಿವೆ ಎಂದುಕೊಳ್ಳಿ. ಮೊದಲನೆಯದರಲ್ಲಿ ಅವುಗಳ ಪಾಲು 110, 60, 10, ಸರಾಸರಿ 60. ಎರಡನೆಯದರಲ್ಲಿ 50, 40, 30, ಸರಾಸರಿ 40. ಯಾವ ಸ್ಥಾನ ಸಿಗುತ್ತದೆಂದು ಗೊತ್ತಿಲ್ಲದ ವಿವೇಕಿ ಸರಾಸರಿ ಹೆಚ್ಚಿರುವ ಮೊದಲನೆಯದನ್ನು ಆರಿಸುತ್ತಾನೆ ಎಂಬುದು ಹರ್ಸಾನಿ ದಾರಿ. ಕೆಳತುದಿಯಲ್ಲಿ 30 ಇರುವ ಎರಡನೆಯದನ್ನು ಆರಿಸುತ್ತಾನೆ ಎಂಬುದು ರಾಲ್ಸ್ ದಾರಿ. 1975ರಲ್ಲಿ ಹರ್ಸಾನಿ ಈ ಬಗ್ಗೆ ಖಾರವಾಗಿಯೇ ಬರೆದರು: ಅತಿ ಕೆಟ್ಟ ಸಾಧ್ಯತೆಯೊಂದನ್ನೇ ಕಣ್ಣಮುಂದಿಟ್ಟುಕೊಂಡು ತೀರ್ಮಾನ ಮಾಡುವವನು ಮನೆಯಿಂದ ಹೊರಗೆ ಕಾಲಿಡಲಾರ ಎಂಬ ಧಾಟಿಯಲ್ಲಿ.

ಅರ್ಥಶಾಸ್ತ್ರಜ್ಞರ ನಡುವೆ ಈ ಜಗಳ ರಾಲ್ಸ್ ಸೋತ ಜಗಳ ಎಂದೇ ಹೆಸರಾಗಿದೆ. ನನಗೆ ಹಾಗೆನ್ನಿಸುವುದಿಲ್ಲ, ಏಕೆಂದರೆ ಅವರ ಮುಖ್ಯ ವಾದ ಅಪಾಯಕ್ಕೆ ಹೆದರುವುದನ್ನು ನೆಚ್ಚಿಕೊಂಡಿಲ್ಲ. ಪರದೆ ಸರಿದ ಮೇಲೆ 10ರ ಸ್ಥಾನಕ್ಕೆ ಬಿದ್ದವನು ‘ನಿನ್ನ ನಷ್ಟದಿಂದ ಸರಾಸರಿ ಏರಿದೆ’ ಎಂಬ ಸಮಜಾಯಿಷಿಯನ್ನು ಜೀವಮಾನವಿಡೀ ಒಪ್ಪಿಕೊಂಡು ಬದುಕಬೇಕು. ಮನಃಪೂರ್ವಕವಾಗಿ ಪಾಲಿಸಲಾರದ ಒಪ್ಪಂದಕ್ಕೆ ಯಾರೂ ಪ್ರಾಮಾಣಿಕವಾಗಿ ಸಹಿ ಹಾಕಲಾರರು ಎಂಬುದು ರಾಲ್ಸ್‌ನ ಬದ್ಧತೆಯ ವಾದ. ಮೊದಲನೆಯ ಸಮಾಜದಲ್ಲಿ 110 ಪಡೆದವನು 10 ಪಡೆದವನ ಮುಖ ನೋಡಿ ಕೊಡಬಹುದಾದ ವಿವರಣೆ ಇಲ್ಲ. ಎರಡನೆಯದರಲ್ಲಿ, ಅಲ್ಲಿನ ಅಂತರವೇ ಕೆಳಗಿನವನ ಪಾಲನ್ನು 30ರವರೆಗೆ ಏರಿಸಿದ್ದಾದರೆ, ಇದೆ. ಭೇದ ತತ್ವದ ಪರವಾದ ವಾದ ನಿಂತಿರುವುದು ಪರಸ್ಪರತೆಯ ಮೇಲೆ ಎಂದು 2001ರ ‘ರೀಸ್ಟೇಟ್‌ಮೆಂಟ್’ನಲ್ಲಿ ರಾಲ್ಸ್ ಬಿಡಿಸಿ ಹೇಳಿದರು. ಒಂದೇ ಪರದೆಯಿಂದ ಇಬ್ಬರಿಗೆ ಎರಡು ಉತ್ತರ ಸಿಕ್ಕಿತು ಎಂದರೆ, ಉತ್ತರವನ್ನು ನಿರ್ಧರಿಸುವುದು ಪರದೆಯ ಹಿಂದೆ ಕೂತವರನ್ನು ಏನೆಂದು ಭಾವಿಸುತ್ತೇವೆ ಎಂಬುದು. ಕಾಂಟ್ ಬೇಕಾಗುವುದು ಇಲ್ಲಿ.

ಕಾಂಟ್‌ನ 1793ರ ಪ್ರಬಂಧವೊಂದಿದೆ, ಸಿದ್ಧಾಂತಕ್ಕೂ ಆಚರಣೆಗೂ ಇರುವ ಸಂಬಂಧವನ್ನು ಕುರಿತದ್ದು. ಮೂಲ ಒಪ್ಪಂದ ಚರಿತ್ರೆಯಲ್ಲಿ ನಡೆದ ಘಟನೆಯಾಗಬೇಕಿಲ್ಲ, ಅದು ವಿವೇಕದ ಒಂದು ಪರಿಕಲ್ಪನೆ ಎಂದು ಅಲ್ಲಿ ಹೇಳುತ್ತಾನೆ. ಕಾನೂನು ಮಾಡುವವನು ಕೇಳಿಕೊಳ್ಳಬೇಕಾದ ಪ್ರಶ್ನೆ: ಇಡೀ ಜನತೆ ಇದಕ್ಕೆ ಒಪ್ಪಿಗೆ ಕೊಡುವುದು ಸಾಧ್ಯವೇ? ಕೆಲವು ಪ್ರಜೆಗಳಿಗೆ ಹುಟ್ಟಿನಿಂದಲೇ ಆಳುವ ಅಂತಸ್ತನ್ನು ಕೊಡುವ ಕಾನೂನು ಈ ಪರೀಕ್ಷೆಯಲ್ಲಿ ಬೀಳುತ್ತದೆ. ‘ಇಂಥ ಒಪ್ಪಂದಕ್ಕೆ ಯಾರು ಯಾವಾಗ ಸಹಿ ಹಾಕಿದರು?’ ಎಂದು ಹ್ಯೂಮ್ 1748ರಲ್ಲೇ ಗೇಲಿ ಮಾಡಿದ್ದನಲ್ಲ, ಅದಕ್ಕೆ ಕಾಂಟ್‌ನಲ್ಲಿ ಸಿಗುವ ಉತ್ತರ ಇದು. ರಾಲ್ಸ್ ತಮ್ಮ ಮೂಲ ಸ್ಥಿತಿ ಕಾಲ್ಪನಿಕ ಎಂದು ಹೇಳುವಾಗ ಈ ಪ್ರಬಂಧವನ್ನೇ ಅಡಿಟಿಪ್ಪಣಿಯಲ್ಲಿ ತೋರಿಸುತ್ತಾರೆ.

ಆದರೆ ಅದೇ ಪ್ರಬಂಧದಲ್ಲಿ ಕಾಂಟ್, ಪ್ರಜೆಗಳಾಗಿ ಎಲ್ಲರೂ ಸಮಾನರು ಎಂಬುದು ಆಸ್ತಿಯ ಅತಿದೊಡ್ಡ ಅಸಮಾನತೆಯ ಜೊತೆಗೂ ಚೆನ್ನಾಗಿ ಹೊಂದಿಕೊಳ್ಳುತ್ತದೆ ಎನ್ನುತ್ತಾನೆ. ಭೇದ ತತ್ವ ಕಾಂಟ್‌ನಲ್ಲಿ ಎಲ್ಲೂ ಇಲ್ಲ. ಪರರ ಕೆಲಸ ಮಾಡಿಕೊಂಡು ಬದುಕುವವರಿಗೆ, ಹೆಂಗಸರಿಗೆ ಅವನು ಮತದಾನದ ಹಕ್ಕುಳ್ಳ ಸಕ್ರಿಯ ಪೌರತ್ವವನ್ನೂ ಕೊಡಲಿಲ್ಲ. ಪಠ್ಯಪುಸ್ತಕದ ಒಂದು ಸಾಲಿನಲ್ಲಿ ಇದೆಲ್ಲ ಮುಚ್ಚಿಹೋಗುತ್ತದೆ.

ರಾಲ್ಸ್‌ಗೆ ಕಾಂಟ್‌ನಿಂದ ಬೇಕಾದದ್ದು ಸ್ವಾಯತ್ತತೆಯ ವಿಚಾರ, ಅದು 40ನೇ ವಿಭಾಗದಲ್ಲಿದೆ. ಕಾಂಟ್‌ನ ಪ್ರಕಾರ ನಾವು ಸ್ವತಂತ್ರರಾಗಿ ನಡೆದುಕೊಳ್ಳುವುದು, ಸ್ವತಂತ್ರ ಮತ್ತು ಸಮಾನ ವಿವೇಕಜೀವಿಗಳೆಂಬ ನಮ್ಮ ಸ್ವರೂಪವನ್ನು ವ್ಯಕ್ತಪಡಿಸುವ ತತ್ವಗಳಂತೆ ನಡೆದಾಗ. ಇದಕ್ಕೆ ಸಿಜ್ವಿಕ್ ಒಂದು ಚುರುಕಾದ ಆಕ್ಷೇಪ ಎತ್ತಿದ್ದ: ಸಂತನ ಬದುಕೂ ನೀಚನ ಬದುಕೂ ಸ್ವತಂತ್ರ ಆಯ್ಕೆಯ ಫಲವೇ ಆಗಿರುವಾಗ, ಸಂತ ಮಾತ್ರ ತನ್ನ ನಿಜಸ್ವರೂಪವನ್ನು ವ್ಯಕ್ತಪಡಿಸಿದ, ನೀಚ ವ್ಯಕ್ತಪಡಿಸಲಿಲ್ಲ ಎನ್ನುವುದು ಹೇಗೆ? ರಾಲ್ಸ್ ಆಕ್ಷೇಪವನ್ನು ಒಪ್ಪಿಕೊಳ್ಳುತ್ತಾರೆ. ಕಾಂಟ್‌ನಲ್ಲಿ ಇಲ್ಲಿ ಖಾಲಿ ಇದೆ, ಯಾವ ತತ್ವಗಳು ನಮ್ಮ ಸ್ವರೂಪವನ್ನು ವ್ಯಕ್ತಪಡಿಸುತ್ತವೆ ಎಂದು ಅವನು ತೋರಿಸಲಿಲ್ಲ, ಆ ಖಾಲಿಯನ್ನು ತುಂಬುವುದು ಮೂಲ ಸ್ಥಿತಿ ಎನ್ನುತ್ತಾರೆ. ನೋಡಿ, ಕಾಂಟ್‌ನನ್ನು ಓದುವಾಗಲೂ ರಾಲ್ಸ್‌ನ ಮಗ್ಗುಲಲ್ಲಿ ಸಿಜ್ವಿಕ್ ಕೂತಿದ್ದಾನೆ.

ಈಗ ನಿಮ್ಮ ನೇರ ಪ್ರಶ್ನೆಗೆ ಬರೋಣ. ತಮ್ಮ ಪಾಲು ನೋಡಿಕೊಳ್ಳುವ ಜನ ಮತ್ತು ಕಾಂಟ್, ಇವರು ಒಟ್ಟಿಗೆ ಹೇಗೆ? ಮೂಲ ಸ್ಥಿತಿಯಲ್ಲಿರುವವರು ನಾವು ನೀವಲ್ಲ, ಅವರು ವಾದಕ್ಕಾಗಿ ಕಟ್ಟಿಕೊಂಡ ಪಾತ್ರಗಳು. ಅವರ ಪ್ರೇರಣೆ ಹ್ಯೂಮ್ ಮತ್ತು ಅರ್ಥಶಾಸ್ತ್ರದಿಂದ ಬಂದದ್ದು: ಇನ್ನೊಬ್ಬರ ಮೇಲೆ ಪ್ರೀತಿಯೂ ಇಲ್ಲ, ಹೊಟ್ಟೆಕಿಚ್ಚೂ ಇಲ್ಲ, ತಮ್ಮ ಪಾಲು ಹೆಚ್ಚಲಿ ಎಂಬುದಷ್ಟೇ. ಅವರಿಗೆ ಹಾಕಿದ ಕಟ್ಟುಪಾಡುಗಳು ಕಾಂಟ್‌ನ ಕಡೆಯವು: ಯಾರೂ ತನ್ನ ವಿಶೇಷ ಸ್ಥಿತಿಗೆ ಹೊಂದುವಂತೆ ನಿಯಮವನ್ನು ತಿದ್ದಿಕೊಳ್ಳಲಾಗದು. ಸ್ವಹಿತಕ್ಕೆ ಪರದೆ ಸೇರಿದಾಗ, ತನ್ನ ಹಿತವನ್ನು ಕಾಯುವವನು ಎಲ್ಲರ ಹಿತವನ್ನೂ ಕಾಯಲೇಬೇಕಾಗುತ್ತದೆ. ನೈತಿಕತೆ ಇರುವುದು ಪಾತ್ರಗಳ ಮನಸ್ಸಿನಲ್ಲಿ ಅಲ್ಲ, ಅವರನ್ನು ಕೂರಿಸಿದ ಸ್ಥಿತಿಯ ವಿನ್ಯಾಸದಲ್ಲಿ.

ಈ ಜೋಡಣೆಯಲ್ಲಿ ಬಿರುಕೇ ಇಲ್ಲ ಎನ್ನುತ್ತಿಲ್ಲ. ಬ್ರಿಟಿಷ್ ಚಿಂತಕ ಬ್ರಯನ್ ಬ್ಯಾರಿ 1989ರಲ್ಲಿ, ರಾಲ್ಸ್‌ನಲ್ಲಿ ಪರಸ್ಪರ ಲಾಭದ ನ್ಯಾಯ ಮತ್ತು ನಿಷ್ಪಕ್ಷಪಾತದ ನ್ಯಾಯ ಎರಡೂ ಬೆರೆತಿವೆ, ಅವು ಕೊನೆಗೆ ಹೊಂದುವುದಿಲ್ಲ ಎಂದು ವಾದಿಸಿದರು. ಸಹಕಾರಕ್ಕೆ ಏನನ್ನೂ ಕೊಡಲಾಗದ ತೀವ್ರ ಅಶಕ್ತರ ಪಾಲು ಏನು ಎಂದು ಕೇಳಿದರೆ ಬಿರುಕು ಕಣ್ಣಿಗೆ ಬೀಳುತ್ತದೆ. ಹ್ಯೂಮ್ ಅಂಥವರಿಗೆ ನ್ಯಾಯ ಸಲ್ಲುವುದಿಲ್ಲ, ಕರುಣೆ ಸಲ್ಲುತ್ತದೆ ಎಂದಿದ್ದ. ರಾಲ್ಸ್ ಹಾಗೆನ್ನಲು ಸಿದ್ಧರಿಲ್ಲ, ಆದರೂ ಪ್ರಶ್ನೆಯನ್ನು ಮುಂದೂಡುತ್ತಾರೆ. ಅಲ್ಲಿ ಅವರು ಹ್ಯೂಮ್‌ನಿಂದ ಪೂರ್ತಿ ಬಿಡಿಸಿಕೊಂಡಿಲ್ಲ ಎಂದೇ ನನ್ನ ಅನಿಸಿಕೆ.

ಒಪ್ಪಂದವಾದಿಗಳಲ್ಲಿ ಹಾಬ್ಸ್‌ನನ್ನು ರಾಲ್ಸ್ ಬೇಕೆಂದೇ ಹೊರಗಿಟ್ಟರು. ಅವನ ಪುಸ್ತಕ ‘ಲೆವಿಯಾಥನ್’ನ ಹಿರಿಮೆಯನ್ನು ಒಪ್ಪಿಕೊಂಡೇ, ಅದು ಬೇರೆ ತೊಡಕುಗಳನ್ನು ತರುತ್ತದೆ ಎಂದು ಒಂದು ಅಡಿಟಿಪ್ಪಣಿಯಲ್ಲಿ ಮುಗಿಸಿದರು. ಟ್ರಂಪೆಟ್‌ನವನ ಕಥೆ ಗೊತ್ತಿದ್ದವರಿಗೆ ಕಾರಣ ಊಹಿಸುವುದು ಕಷ್ಟವಲ್ಲ: ಹಾಬ್ಸ್‌ನ ಒಪ್ಪಂದ ಭಯ ಮತ್ತು ಬಲದ ಲೆಕ್ಕ. ಲಾಕ್‌ನ ಪಾಲೂ ಹೆಸರಿಗಿಂತ ಕಡಿಮೆ. ಅವನು ಕಲ್ಪಿಸಿದ, ಸರ್ಕಾರ ಹುಟ್ಟುವ ಮೊದಲಿನ ನಿಸರ್ಗ ಸ್ಥಿತಿಯಲ್ಲಿ ಜನ ತಮ್ಮ ಆಸ್ತಿ ಎಷ್ಟೆಂದು ತಿಳಿದೇ ಒಪ್ಪಂದಕ್ಕೆ ಬರುತ್ತಾರೆ. ಆಸ್ತಿವಂತರಿಗೆ ಮಾತ್ರ ಮತ ಎಂಬ ಸಂವಿಧಾನವೂ ಅಂಥ ಒಪ್ಪಂದದಿಂದ ಹುಟ್ಟಬಹುದು ಎಂದು ರಾಲ್ಸ್ ತಮ್ಮ ಹಾರ್ವರ್ಡ್ ಪಾಠಗಳಲ್ಲಿ ತೋರಿಸುತ್ತಿದ್ದರು.

ರೂಸೋನ ಋಣ ದೊಡ್ಡದು, ಸಾಮಾನ್ಯವಾಗಿ ಅದನ್ನು ಕಡಿಮೆ ಅಂದಾಜು ಮಾಡುತ್ತಾರೆ. ಎಲ್ಲರ ಒಳಿತನ್ನು ಬಯಸುವ ಪ್ರಜೆಗಳ ಒಟ್ಟು ಇಚ್ಛೆಗೆ ಅವನಿಟ್ಟ ಹೆಸರಾದ ‘ಸಾಮಾನ್ಯ ಇಚ್ಛೆ’ಯ ಛಾಯೆ ಮೂಲ ಸ್ಥಿತಿಯಲ್ಲಿದೆ ಎಂಬುದನ್ನು ಎಲ್ಲರೂ ಹೇಳುತ್ತಾರೆ. ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಮಗುವಿನ ಶಿಕ್ಷಣವನ್ನು ಕುರಿತ ಅವನ 1762ರ ‘ಎಮಿಲ್’. ರಾಲ್ಸ್‌ನ 1963ರ ‘ದಿ ಸೆನ್ಸ್ ಆಫ್ ಜಸ್ಟಿಸ್’ ಲೇಖನ ಶುರುವಾಗುವುದೇ ಅಲ್ಲಿಂದ: ನ್ಯಾಯಪ್ರಜ್ಞೆ ಬರೀ ಬುದ್ಧಿ ಕಟ್ಟಿಕೊಂಡದ್ದಲ್ಲ, ವಿವೇಕದ ಬೆಳಕಿನಲ್ಲಿ ಬೆಳೆದ ಹೃದಯದ ನಿಜವಾದ ಭಾವ ಎಂಬ ರೂಸೋನ ಮಾತಿನಿಂದ. ತನ್ನನ್ನು ಪ್ರೀತಿಸುವವರನ್ನು ಮಗು ಪ್ರೀತಿಸಲು ಕಲಿಯುತ್ತದೆ. ಬೆಳೆದಂತೆ ಜೊತೆಗಾರರ ನಂಬಿಕೆಗೆ ನಂಬಿಕೆಯಿಂದ ಉತ್ತರಿಸುತ್ತದೆ. ನ್ಯಾಯವಾದ ಸಂಸ್ಥೆಗಳಿಂದ ತನಗೂ ತನ್ನವರಿಗೂ ಒಳಿತಾಗಿದೆ ಎಂದು ಕಂಡಾಗ ಆ ಸಂಸ್ಥೆಗಳ ತತ್ವಗಳನ್ನೇ ತನ್ನದಾಗಿಸಿಕೊಳ್ಳುತ್ತದೆ. ಪುಸ್ತಕದ ಮೂರನೇ ಭಾಗದ ಈ ಮೂರು ಹಂತಗಳಲ್ಲಿ ರೂಸೋನ ಜೊತೆ ಮನೋವಿಜ್ಞಾನಿ ಪಿಯಾಜೆಯೂ ಇದ್ದಾರೆ. ಬಹಳಷ್ಟು ಓದುಗರು ಎರಡನೇ ಭಾಗಕ್ಕೇ ಸುಸ್ತಾಗಿ ಪುಸ್ತಕ ಮುಚ್ಚುವುದರಿಂದ ಇದು ಚರ್ಚೆಗೆ ಬರುವುದಿಲ್ಲ. ನ್ಯಾಯವಾದ ಸಮಾಜ ತನ್ನನ್ನು ತಾನೇ ಉಳಿಸಿಕೊಳ್ಳಬಲ್ಲದೇ ಎಂಬ ಪ್ರಶ್ನೆಗೆ ಉತ್ತರ ಅಲ್ಲೇ ಇರುವುದು, ಅದನ್ನು ಬಿಟ್ಟರೆ ಸಿದ್ಧಾಂತ ಅರ್ಧವೇ.

ಸಮಕಾಲೀನರ ವಿಷಯ ಚುಟುಕಾಗಿ. ಪ್ರಿನ್ಸ್‌ಟನ್‌ನಲ್ಲಿ ಅವರಿಗೆ ಪಾಠ ಹೇಳಿದವರಲ್ಲಿ ವಿಟ್‌ಗೆನ್‌ಸ್ಟೈನ್‌ನ ಶಿಷ್ಯ ನಾರ್ಮನ್ ಮಾಲ್ಕಮ್ ಇದ್ದರು. 1952–53ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಕಳೆದ ವರ್ಷದಲ್ಲಿ ಎಚ್. ಎಲ್. ಎ. ಹಾರ್ಟ್, ಐಸಯ ಬರ್ಲಿನ್, ಸ್ಟುವರ್ಟ್ ಹ್ಯಾಂಪ್‌ಶೈರ್ ಅವರ ಒಡನಾಟ ಸಿಕ್ಕಿತು. ಒಂದು ಏರ್ಪಾಡಿನ ಲಾಭ ಪಡೆದವನು ತನ್ನ ಸರದಿ ಬಂದಾಗ ಅದರ ಹೊರೆಯನ್ನೂ ಹೊರಬೇಕು ಎಂಬ ನ್ಯಾಯವಾದ ಆಟದ ತತ್ವ ಹಾರ್ಟ್ ಅವರ 1955ರ ಲೇಖನದಿಂದ ಬಂದದ್ದು. ವಿಧಾನದ ಮಟ್ಟಿಗೆ ಅಮೆರಿಕದ ತತ್ವಜ್ಞಾನಿ ನೆಲ್ಸನ್ ಗುಡ್‌ಮನ್ ಮುಖ್ಯರು. ತರ್ಕದ ನಿಯಮಗಳನ್ನು ನಾವು ಒಪ್ಪುವ ಬಿಡಿ ತೀರ್ಮಾನಗಳಿಗೂ, ಆ ತೀರ್ಮಾನಗಳನ್ನು ನಿಯಮಗಳಿಗೂ ಹೊಂದಿಸುತ್ತ ಎರಡನ್ನೂ ತಿದ್ದುತ್ತೇವೆ ಎಂದು ಅವರು ತೋರಿಸಿದ್ದರು. ರಾಲ್ಸ್ ಅದನ್ನು ನೀತಿಗೆ ಅನ್ವಯಿಸಿ ‘ಚಿಂತನಶೀಲ ಸಮತೋಲನ’ ಎಂದರು, ಆದರೆ ಅದರ ಮೊಳಕೆ ಅವರ 1951ರ ಮೊದಲ ಲೇಖನದಲ್ಲೇ ಇತ್ತು. ಕಾಂಟ್‌ನ ಹಾಗೆ ಅನುಭವವನ್ನು ನೆಚ್ಚದ ಶುದ್ಧ ವಿವೇಕವೊಂದರಿಂದಲೇ ನೀತಿಯನ್ನು ಇಳಿಸಲಾಗದು ಎಂಬ ನಿಲುವಿಗೆ ಅವರು ಬಂದದ್ದು ಈ ದಾರಿಯಿಂದ. ಮೂಲ ಸ್ಥಿತಿಯಲ್ಲಿರುವವರಿಗೆ ಅರ್ಥಶಾಸ್ತ್ರ, ಮನೋವಿಜ್ಞಾನದ ಸಾಮಾನ್ಯ ಸಂಗತಿಗಳು ಗೊತ್ತಿರುತ್ತವೆ. ಕಾಂಟ್ ಇದನ್ನು ಒಪ್ಪುತ್ತಿರಲಿಲ್ಲ.

ಅರಿಸ್ಟಾಟಲ್‌ನ ಹೆಸರು ನಿಮ್ಮ ಪಟ್ಟಿಯಲ್ಲಿದೆ. ಜನ ತಮ್ಮ ಸಾಮರ್ಥ್ಯಗಳನ್ನು ಬಳಸುವುದರಲ್ಲಿ ಸುಖ ಕಾಣುತ್ತಾರೆ, ಬಳಕೆ ಜಟಿಲವಾದಷ್ಟೂ ಸುಖ ಹೆಚ್ಚು ಎಂಬ 65ನೇ ವಿಭಾಗದ ತತ್ವಕ್ಕೆ ರಾಲ್ಸ್ ಅವನ ಹೆಸರಿಟ್ಟಿದ್ದಾರೆ. ಅದರಾಚೆಗೆ ಅವನ ಪಾತ್ರ ದೊಡ್ಡದಲ್ಲ. ಬದುಕನ್ನು ಒಂದು ಯೋಜನೆಯಾಗಿ ಕಾಣುವ ವಿಚಾರ ಅಮೆರಿಕದ ಜೋಸಯ ರಾಯ್ಸ್‌ರದು. ಬಂಡವಾಳ ಕೆಲವರ ಕೈಯಲ್ಲಿ ಕೂಡಿಬೀಳದಂತೆ ಆಸ್ತಿಯನ್ನೇ ಹರಡುವ ಪ್ರಜಾಪ್ರಭುತ್ವಕ್ಕೆ ‘ಪ್ರಾಪರ್ಟಿ-ಓನಿಂಗ್ ಡೆಮಾಕ್ರಸಿ’ ಎಂಬ ಹೆಸರನ್ನು ಅವರು ಪಡೆದದ್ದು ಅರ್ಥಶಾಸ್ತ್ರಜ್ಞ ಜೇಮ್ಸ್ ಮೀಡ್ ಅವರ 1964ರ ಪುಸ್ತಕದಿಂದ. ಕಲ್ಯಾಣ ರಾಜ್ಯ ಸಾಲದು ಎಂದು ಅವರು ಆಮೇಲೆ ಒತ್ತಿ ಹೇಳಿದ್ದರ ಹಿಂದೆ ಮಾರ್ಕ್ಸ್‌ನ ಟೀಕೆಗೆ ಉತ್ತರಿಸುವ ಪ್ರಯತ್ನವೂ ಇದೆ.

ಇನ್ನೊಂದು ಬೇರು 2009ರವರೆಗೆ ಮಣ್ಣಿನಡಿಯೇ ಇತ್ತು. ಆ ವರ್ಷ, ರಾಲ್ಸ್ ತೀರಿಕೊಂಡ ಏಳು ವರ್ಷಗಳ ಮೇಲೆ, ಅವರು 1942ರಲ್ಲಿ ಪದವಿಗಾಗಿ ಬರೆದ ಪ್ರಬಂಧ ಅಚ್ಚಾಯಿತು. ವಿಷಯ ಪಾಪ ಮತ್ತು ಶ್ರದ್ಧೆ! ಪಾದ್ರಿಯಾಗುವ ಆಲೋಚನೆಯೂ ಆಗ ಅವರಿಗಿತ್ತು. ಮನುಷ್ಯ ತನ್ನ ಅರ್ಹತೆಯಿಂದ ದೇವರ ಕೃಪೆ ಗಳಿಸಬಲ್ಲ ಎಂಬ ಹಮ್ಮನ್ನು ಆ ಹುಡುಗ ಕಟುವಾಗಿ ತಳ್ಳಿಹಾಕುತ್ತಾನೆ. ಹುಟ್ಟಿನಿಂದ ಬಂದ ಪ್ರತಿಭೆಗೆ ಯಾರೂ ಅರ್ಹರಲ್ಲ ಎಂದು 1971ರಲ್ಲಿ ಬರೆದವರ ದನಿ ಅಲ್ಲಿ ಆಗಲೇ ಕೇಳಿಸುತ್ತದೆ. ತಮಾಷೆಯೆಂದರೆ, ಸಮಾಜವನ್ನು ಸ್ವಾರ್ಥಿಗಳ ನಡುವಿನ ಒಪ್ಪಂದವೆಂದು ಕಾಣುವುದನ್ನೂ ಅದೇ ಪ್ರಬಂಧ ಖಂಡಿಸುತ್ತದೆ. ಆಮೇಲೆ ಯುದ್ಧ ಬಂತು. ಪೆಸಿಫಿಕ್ ರಣರಂಗದ ಅನುಭವ ಮತ್ತು ಯಹೂದ್ಯರ ನರಮೇಧದ ಸುದ್ದಿ ಸಾಂಪ್ರದಾಯಿಕ ನಂಬಿಕೆಯಿಂದ ತಮ್ಮನ್ನು ದೂರ ಮಾಡಿದವು ಎಂದು 1997ರ ಒಂದು ಬರಹದಲ್ಲಿ ಅವರೇ ಹೇಳಿದ್ದಾರೆ. ಜೀವನಚರಿತ್ರೆಯಿಂದ ಸಿದ್ಧಾಂತವನ್ನು ಹಿಂಡಿ ತೆಗೆಯುವ ಚಟ ನನಗೆ ಹಿಡಿಸುವುದಿಲ್ಲ, ಆದರೆ ಅರ್ಹತೆಯ ಬಗ್ಗೆ ಅವರಿಗಿದ್ದ ಅನುಮಾನ ಕಾಂಟ್‌ನನ್ನು ಓದಿ ಬಂದದ್ದಲ್ಲ ಎನ್ನುವುದಕ್ಕೆ ಈ ಪ್ರಬಂಧ ಸಾಕು.

ಕಾಂಟ್‌ನ ಕಥೆಯೂ 1971ಕ್ಕೆ ಮುಗಿಯುವುದಿಲ್ಲ. 1980ರ ಡ್ಯೂಯಿ ಉಪನ್ಯಾಸಗಳಲ್ಲಿ ಅವನ ಪ್ರಭಾವ ತುತ್ತತುದಿ ಮುಟ್ಟಿತು. ಆಮೇಲೆ ಇಳಿಯತೊಡಗಿತು. ಮುಕ್ತ ಸಮಾಜದಲ್ಲಿ ಧರ್ಮ, ದರ್ಶನಗಳ ಭಿನ್ನತೆ ಶಾಶ್ವತ. ಎಲ್ಲ ಪ್ರಜೆಗಳೂ ಕಾಂಟ್‌ನ ಸ್ವಾಯತ್ತತೆಯನ್ನು ಬದುಕಿನ ಆದರ್ಶವಾಗಿ ಒಪ್ಪುತ್ತಾರೆ ಎಂದು ನಿರೀಕ್ಷಿಸುವುದು ಅಸಾಧ್ಯ, ಹೇರುವುದು ಅನ್ಯಾಯ. 1993ರ ‘ಪೊಲಿಟಿಕಲ್ ಲಿಬರಲಿಸಂ’ನಲ್ಲಿ ರಾಲ್ಸ್ ತಮ್ಮ ಸಿದ್ಧಾಂತವನ್ನು ಕಾಂಟ್‌ನ ತತ್ವಶಾಸ್ತ್ರದಿಂದ ಬಿಡಿಸಿ, ಯಾವ ದರ್ಶನದವರೂ ತಂತಮ್ಮ ಕಾರಣಗಳಿಂದ ಒಪ್ಪಬಹುದಾದ ರಾಜಕೀಯ ಪರಿಕಲ್ಪನೆಯಾಗಿ ನಿಲ್ಲಿಸಿದರು. ಅಲ್ಲಿ ಅವರು ನೆನೆಯುವುದು ಯುರೋಪಿನ ಮತಸುಧಾರಣೆಯ ನಂತರದ ಧಾರ್ಮಿಕ ಯುದ್ಧಗಳನ್ನು, ಅವುಗಳಿಂದ ಹುಟ್ಟಿದ ಸಹಿಷ್ಣುತೆಯನ್ನು. ಹಾಗಾಗಿ ‘ಕಾಂಟ್‌ವಾದಿಯೇ?’ ಎಂದರೆ ನನ್ನ ಉತ್ತರ: 1971ರ ಪುಸ್ತಕದ ಸಮರ್ಥನೆಯಲ್ಲಿ ಹೌದು, ಅದರ ಪ್ರಶ್ನೆಯಲ್ಲಿ ಅಲ್ಲ, 1993ರ ಹೊತ್ತಿಗೆ ಅರ್ಧ ಮಾತ್ರ.

ನೀವು ಓದುತ್ತಿರುವುದರಿಂದ ಒಂದು ಸಲಹೆ. ಪುಸ್ತಕವನ್ನು ಸಾಲಾಗಿ ಓದಿ ಮುಗಿಸುವ ಹಟ ಬೇಡ. ಮೊದಲ ಐದು ವಿಭಾಗಗಳಾದ ಮೇಲೆ ನೇರವಾಗಿ 22, 23 ಮತ್ತು 24ಕ್ಕೆ ಹೋಗಿ, ಅಡಿಟಿಪ್ಪಣಿಗಳನ್ನು ಬಿಡದೆ ಓದಿ, ಆಮೇಲೆ 40. ಅಷ್ಟಾದ ಮೇಲೆ 1958ರ ಲೇಖನವನ್ನು ಕೈಗೆತ್ತಿಕೊಳ್ಳಿ. ಅದು ಚಿಕ್ಕದು, ಪುಸ್ತಕಕ್ಕಿಂತ ಸಲೀಸಾಗಿ ಓದಿಸಿಕೊಳ್ಳುತ್ತದೆ, ಮತ್ತು ಪರದೆ ಇಲ್ಲದ ರಾಲ್ಸ್ ಹೇಗಿದ್ದರು ಎಂದು ನೀವೇ ನೋಡಬಹುದು.